ರೌಟರ್ ವಾಪಸ್: ಡಬ್ಬ ಹೋದರೆ ಸಾಲದು, ನಂಬರೂ ಹೋಗಬೇಕು

ಫೈಬರ್ ಇಂಟರ್ನೆಟ್ ಇನ್ನು ಬೇಡವೆಂದು ತೀರ್ಮಾನಿಸಿದಾಗ ಮನೆಯಲ್ಲಿ ಉಳಿಯುವುದು ಒಂದು ಬಿಳಿ ಡಬ್ಬ, ಅದರ ಅಡಾಪ್ಟರ್, ಕಿಟಕಿ ಮೂಲೆಯ ತೂತಿನಿಂದ ಒಳಗೆ ಬಂದ ತೆಳ್ಳನೆಯ ತಂತಿ. ಡಬ್ಬವನ್ನು ಕೆಲವರು ಮೋಡೆಮ್ ಅನ್ನುತ್ತಾರೆ, ಕೆಲವರು ರೌಟರ್, ಇನ್ನು ಕೆಲವರು ವೈಫೈ ಬಾಕ್ಸ್. ಕಂಪನಿಯ ಕಾಗದದಲ್ಲಿ ಅದಕ್ಕೆ ಓಎನ್‌ಟಿ ಅಥವಾ ಓಎನ್‌ಯು ಎಂದು ಹೆಸರು. ತಿಂಗಳ ಬಾಡಿಗೆಗೆ ಬಂದಿರಲಿ, ಡೆಪಾಸಿಟ್ ಕಟ್ಟಿಸಿಕೊಂಡು ಕೊಟ್ಟಿರಲಿ, ‘ಉಚಿತ’ ಎಂದು ಹೇಳಿ ಕೂರಿಸಿ ಹೋಗಿರಲಿ, ನಾವು ದುಡ್ಡು ಕೊಟ್ಟು ಕೊಂಡ ಬಿಲ್ ಇಲ್ಲದಿದ್ದರೆ ಅದು ಸಾಮಾನ್ಯವಾಗಿ ಕಂಪನಿಯ ಸ್ವತ್ತೇ. ಸಂಪರ್ಕ ಮುಗಿದಾಗ ಅದು ವಾಪಸ್ ಹೋಗಬೇಕು.

ಕೊಡುವುದರಲ್ಲಿ ಕಷ್ಟವೇನಿಲ್ಲ. ಕೊಟ್ಟದ್ದು ಕಂಪನಿಯ ಲೆಕ್ಕದಲ್ಲಿ ಜಮಾ ಆಗುವುದೇ ಕಷ್ಟ. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಒಂದೊಂದಾಗಿ ಸಂಪರ್ಕಗಳನ್ನು ಮುಚ್ಚಿಸುತ್ತ ಬಂದಾಗ ಮತ್ತೆ ಮತ್ತೆ ಎದುರಾಗುವುದು ಒಂದೇ ತೊಡಕು. ಡಬ್ಬ ಕಂಪನಿಯ ಗೋಡೌನ್ ಸೇರಿರುತ್ತದೆ, ಖಾತೆಯಲ್ಲಿ ಮಾತ್ರ ‘ಉಪಕರಣ ಬಾಕಿ’ ಎಂದೇ ಇರುತ್ತದೆ. ಡಬ್ಬದ ಮೇಲಿನ ನಂಬರಿಗೂ ಖಾತೆಯಲ್ಲಿ ಬರೆದಿಟ್ಟ ನಂಬರಿಗೂ ತಾಳೆಯಾಗದೇ ಹೋದದ್ದು ಅಥವಾ ಬಂದವರು ನಂಬರನ್ನೇ ದಾಖಲಿಸದೆ ಹೊತ್ತೊಯ್ದದ್ದು ಇದಕ್ಕೆ ಕಾರಣ. ಆದ್ದರಿಂದ ಈ ಕೆಲಸವನ್ನು ಮೊದಲಿಂದ ಕೊನೆವರೆಗೆ ಆ ನಂಬರನ್ನು ಹಿಡಿದುಕೊಂಡೇ ಮಾಡಬೇಕು.

ಕಸ್ಟಮರ್ ಕೇರ್‌ಗೆ ಫೋನ್ ಮಾಡುವ ಮುನ್ನ ಡಬ್ಬವನ್ನು ಮಗುಚಿ ನೋಡಿ. ತಳದಲ್ಲೋ ಬೆನ್ನಲ್ಲೋ ಒಂದು ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಹೆಚ್ಚಾಗಿ ಮೂರು ನಂಬರುಗಳಿರುತ್ತವೆ. ಒಂದು ತಯಾರಕರ ಸೀರಿಯಲ್. ಇನ್ನೊಂದು ಮ್ಯಾಕ್ ವಿಳಾಸ. ಮೂರನೆಯದು ಜಿಪಾನ್ ಸೀರಿಯಲ್, ಅಂದರೆ ಫೈಬರ್ ಜಾಲ ಈ ಡಬ್ಬವನ್ನು ಗುರುತಿಸುವ ನಂಬರು. ಮ್ಯಾಕ್ ವಿಳಾಸಕ್ಕೆ 12 ಅಕ್ಷರ, ಜಿಪಾನ್ ಸೀರಿಯಲ್‌ಗೂ 12 ಅಕ್ಷರ. ಗಡಿಬಿಡಿಯಲ್ಲಿ ಒಂದರ ಬದಲು ಇನ್ನೊಂದನ್ನು ಬರೆಯುವುದು ಇಲ್ಲಿಯೇ. ಗುರುತಿಸುವ ದಾರಿ ಇದೆ: ಜಿಪಾನ್ ಸೀರಿಯಲ್‌ನ ಮೊದಲ ನಾಲ್ಕು ಅಕ್ಷರ ತಯಾರಕರ ಸಂಕೇತ. ಹುವಾವೇ ಡಬ್ಬವಾದರೆ ‘ಎಚ್‌ಡಬ್ಲ್ಯುಟಿಸಿ’, ಝಡ್‌ಟಿಇ ಆದರೆ ‘ಝಡ್‌ಟಿಇಜಿ’, ನೋಕಿಯಾ ಡಬ್ಬದಲ್ಲಿ ಹಳೆಯ ಅಲ್ಕಾಟೆಲ್ ಹೆಸರಿನ ಗುರುತಾಗಿ ‘ಎಎಲ್‌ಸಿಎಲ್’. ಮುಂದಿನ ಎಂಟು ಆ ಡಬ್ಬಕ್ಕೆ ಮಾತ್ರ ಸೇರಿದವು.

ಇಲ್ಲೊಂದು ಸೂಕ್ಷ್ಮವಿದೆ, ಕಾಲ್ ಸೆಂಟರಿನವರಿಗೂ ಎಷ್ಟೋ ಸಲ ಇದು ಗೊತ್ತಿರುವುದಿಲ್ಲ. ಕೆಲವು ಸ್ಟಿಕ್ಕರುಗಳಲ್ಲಿ ಇದೇ ಸೀರಿಯಲ್ 12ರ ಬದಲು 16 ಅಂಕಿಗಳಲ್ಲಿ ಅಚ್ಚಾಗಿರುತ್ತದೆ. ಮೊದಲ ನಾಲ್ಕು ಅಕ್ಷರಗಳನ್ನು ಹೆಕ್ಸ್ ಲೆಕ್ಕದಲ್ಲಿ (ಕಂಪ್ಯೂಟರಿನವರ 16ರ ಎಣಿಕೆ) ಬರೆದಾಗ ಅವು ಎಂಟು ಅಂಕಿಗಳಾಗುತ್ತವೆ. ಹುವಾವೇ ಸಂಕೇತ 48575443 ಆಗುತ್ತದೆ, ಝಡ್‌ಟಿಇಯದು 5ಎ544547 ಆಗುತ್ತದೆ. ಖಾತೆಯಲ್ಲಿ ಅಕ್ಷರದ ರೂಪ, ಡಬ್ಬದ ಮೇಲೆ ಅಂಕಿಯ ರೂಪ ಇದ್ದರೆ ಎರಡೂ ಬೇರೆ ಬೇರೆ ಅನ್ನಿಸುತ್ತದೆ, ‘ಇದು ನಿಮ್ಮ ಡಿವೈಸ್ ಅಲ್ಲ’ ಎಂಬ ಉತ್ತರ ಬರುತ್ತದೆ. ಆಗ ಗಾಬರಿ ಬೇಡ. ಕೊನೆಯ ಎಂಟು ಅಕ್ಷರಗಳನ್ನು ಹೋಲಿಸಿದರೆ ಸಾಕು, ಅವು ಎರಡರಲ್ಲೂ ಒಂದೇ ಇರುತ್ತವೆ. ಆ ಎಂಟರಲ್ಲಿ ಇಂಗ್ಲಿಷಿನ ‘ಓ’ ಅಕ್ಷರ ಬರುವುದೇ ಇಲ್ಲ. ಸೊನ್ನೆಯಿಂದ ಒಂಬತ್ತರವರೆಗೆ, ಎ ಇಂದ ಎಫ್‌ವರೆಗೆ, ಅಷ್ಟೇ. ದುಂಡಗೆ ಕಂಡದ್ದೆಲ್ಲ ಸೊನ್ನೆ. ಎಡವುವುದು 8 ಮತ್ತು ‘ಬಿ’ ನಡುವೆ. ಫೋಟೊ ಹಿಗ್ಗಿಸಿ ನೋಡಿ ಬರೆದುಕೊಳ್ಳಿ.

ಸ್ಟಿಕ್ಕರ್ ಮಾಸಿ ಹೋಗಿದ್ದರೆ, ಸಂಪರ್ಕ ಇನ್ನೂ ಜೀವಂತವಾಗಿರುವಾಗಲೇ ವೈಫೈಗೆ ಸೇರಿದ ಮೊಬೈಲಿನ ಬ್ರೌಸರಿನಲ್ಲಿ ರೌಟರ್ ವಿಳಾಸ ತೆರೆಯಿರಿ. ಸಾಮಾನ್ಯವಾಗಿ 192.168.1.1 ಅಥವಾ 192.168.100.1 ಇರುತ್ತದೆ. ಒಳಗಿನ ‘ಡಿವೈಸ್ ಇನ್ಫರ್ಮೇಶನ್’ ಪುಟದಲ್ಲಿ ಸೀರಿಯಲ್ ಸಿಗುತ್ತದೆ. ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಈಗ ಖಾತೆಯಲ್ಲಿರುವ ನಂಬರು. ಸಂಪರ್ಕ ಹಾಕಿದ ದಿನ ಬಂದ ಎಸ್‌ಎಂಎಸ್ ಅಥವಾ ಇಮೇಲ್‌, ಮೊದಲ ಬಿಲ್‌, ಡೆಲಿವರಿ ಚಲನ್‌, ಕಂಪನಿ ಆಪ್‌ನ ‘ನನ್ನ ಡಿವೈಸ್’ ಭಾಗ, ಇವುಗಳಲ್ಲಿ ಎಲ್ಲಾದರೂ ಇರಬಹುದು. ಎಲ್ಲೂ ಸಿಗದಿದ್ದರೆ ಕಸ್ಟಮರ್ ಕೇರ್‌ನಲ್ಲಿ ನೇರವಾಗಿ ಕೇಳಿ: “ನನ್ನ ಖಾತೆಗೆ ಯಾವ ಡಿವೈಸ್ ಸೀರಿಯಲ್ ಜೋಡಿಸಿದೆ, ಓದಿ ಹೇಳಿ.” ಓದಿ ಹೇಳಲು ಹಿಂಜರಿದರೆ ನೀವು ನಿಮ್ಮದನ್ನು ಓದಿ, ತಾಳೆಯಾಗುತ್ತದೆಯೋ ಇಲ್ಲವೋ ಅಷ್ಟು ಹೇಳಲು ಕೇಳಿಕೊಳ್ಳಿ.

ತಾಳೆಯಾಗದಿದ್ದರೆ ನೆನಪು ಮಾಡಿಕೊಳ್ಳಿ: ನಡುವೆ ಎಂದಾದರೂ ಡಬ್ಬ ಬದಲಾಗಿತ್ತೇ? ಬಹಳಷ್ಟು ಮನೆಗಳಲ್ಲಿ ಬದಲಾಗಿರುತ್ತದೆ. ಇಂಟರ್ನೆಟ್ ನಿಂತು ದೂರು ಕೊಟ್ಟಾಗ ಟೆಕ್ನಿಷಿಯನ್ ಬರುತ್ತಾರೆ, ಬ್ಯಾಗಿನಲ್ಲಿದ್ದ ಇನ್ನೊಂದು ಡಬ್ಬ ಹಾಕುತ್ತಾರೆ, ಹಳೆಯದನ್ನು ಒಯ್ಯುತ್ತಾರೆ. ಹೊಸ ಡಬ್ಬ ಕೆಲಸ ಮಾಡಬೇಕಾದರೆ ಅದರ ಸೀರಿಯಲ್ಲನ್ನು ಎಕ್ಸ್‌ಚೇಂಜ್ ಕಡೆಯ ಓಎಲ್‌ಟಿ ಯಂತ್ರ ಗುರುತಿಸಬೇಕು. ಆದ್ದರಿಂದ ನೆಟ್‌ವರ್ಕ್ ಕಡೆಗೆ ಆ ನಂಬರು ಅಂದೇ ಏರುತ್ತದೆ. ಬಿಲ್ಲಿಂಗ್ ಮತ್ತು ದಾಸ್ತಾನಿನ ಲೆಕ್ಕ ಮಾತ್ರ ಬೇರೆ ಕಡೆ ಇರುತ್ತದೆ. ಅಲ್ಲಿ ತಿದ್ದದಿದ್ದರೂ ಇಂಟರ್ನೆಟ್ ಓಡುತ್ತದೆ, ಹಾಗಾಗಿ ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ವಾಪಸ್ ಕೊಡುವ ದಿನ ಒಮ್ಮೆಲೇ ಎದುರು ನಿಲ್ಲುತ್ತದೆ: ಕಂಪನಿ ಕೇಳುವುದು ಎರಡು ವರ್ಷದ ಹಿಂದೆ ಅವರೇ ಒಯ್ದ ಡಬ್ಬವನ್ನು.

ಇದನ್ನು ಸರಿಪಡಿಸಬೇಕಾದದ್ದು ಸಂಪರ್ಕ ನಿಲ್ಲಿಸುವ ಮೊದಲು. ಖಾತೆ ಚಾಲ್ತಿಯಲ್ಲಿರುವಾಗ ದೂರು ಕೊಟ್ಟರೆ ನೆಟ್‌ವರ್ಕ್‌ನಲ್ಲಿ ಈಗ ಓಡುತ್ತಿರುವ ಸೀರಿಯಲ್ ಯಾವುದೆಂದು ಅವರೇ ನೋಡಬಹುದು, ಸಾಕ್ಷಿ ಅವರ ಯಂತ್ರದಲ್ಲೇ ಇರುತ್ತದೆ. ಖಾತೆ ಮುಚ್ಚಿದ ಮೇಲೆ ಆ ಸಾಕ್ಷಿಯನ್ನು ಹುಡುಕಿ ತೆಗೆಸುವುದು ದುಸ್ತರ. ಡಬ್ಬ ಬದಲಿಸಿದ ದಿನದ ದೂರಿನ ನಂಬರು ಹಳೆಯ ಎಸ್‌ಎಂಎಸ್‌ಗಳಲ್ಲಿ ಸಿಕ್ಕರೆ ಅದನ್ನೂ ಕೊಡಿ. ‘ಡಿವೈಸ್ ಸೀರಿಯಲ್ ತಿದ್ದುಪಡಿ’ ಎಂದು ಪ್ರತ್ಯೇಕ ಟಿಕೆಟ್ ಹಾಕಿಸಿ, ಅದು ಮುಗಿದ ಸಂದೇಶ ಬಂದ ಮೇಲೆ ಮುಂದಿನ ಹೆಜ್ಜೆ.

ಖಾತೆ ಯಾರ ಹೆಸರಿನಲ್ಲಿದೆ ಎಂಬುದೂ ಈಗಲೇ ನೋಡಿಕೊಳ್ಳಬೇಕಾದ ವಿಷಯ. ಪಿಜಿಗಳಲ್ಲಿ, ಸ್ನೇಹಿತರು ಸೇರಿ ಹಿಡಿದ ಮನೆಗಳಲ್ಲಿ ಸಂಪರ್ಕ ತೆಗೆದುಕೊಂಡವರು ಎಂದೋ ಬಿಟ್ಟು ಹೋಗಿರುತ್ತಾರೆ. ಬಿಲ್ ಮಾತ್ರ ಉಳಿದವರು ಕಟ್ಟುತ್ತಿರುತ್ತಾರೆ. ರದ್ದತಿಯ ಓಟಿಪಿ ಹೋಗುವುದು ನೋಂದಾಯಿತ ಮೊಬೈಲಿಗೆ, ಡೆಪಾಸಿಟ್ ಬರುವುದು ಖಾತೆದಾರರ ಬ್ಯಾಂಕಿಗೆ. ಆ ವ್ಯಕ್ತಿಯನ್ನು ಮೊದಲು ಸಂಪರ್ಕಿಸಿ ದಿನ ಗೊತ್ತುಮಾಡಿಕೊಳ್ಳಿ. ಖಾತೆದಾರರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ವಾರಸುದಾರರ ಗುರುತಿನ ಚೀಟಿ, ಒಂದು ಅರ್ಜಿ ಕೇಳುವುದು ವಾಡಿಕೆ. ಇಂಥದ್ದಕ್ಕೆ ಫೋನಿನಲ್ಲಿ ಒದ್ದಾಡುವುದಕ್ಕಿಂತ ನೇರ ಕಚೇರಿಗೆ ಹೋಗುವುದು ವಾಸಿ.

ಇನ್ನು ರದ್ದತಿಯ ಕೋರಿಕೆ. ರೀಚಾರ್ಜ್ ಮಾಡದೆ ಬಿಟ್ಟರೆ ಸಾಕು ಎಂದು ಪ್ರಿಪೇಯ್ಡ್ ಬಳಕೆದಾರರು ಅಂದುಕೊಳ್ಳುತ್ತಾರೆ. ಇಂಟರ್ನೆಟ್ ನಿಲ್ಲುತ್ತದೆ ನಿಜ, ಆದರೆ ಖಾತೆ ಮುಚ್ಚುವುದಿಲ್ಲ, ಡಬ್ಬ ಅವರ ಹೆಸರಿನಲ್ಲೇ ಉಳಿಯುತ್ತದೆ. ಪೋಸ್ಟ್‌ಪೇಯ್ಡ್ ಆದರೆ ಇನ್ನೂ ಅಪಾಯ, ಬಳಸದಿದ್ದರೂ ಬಿಲ್ ಬೆಳೆಯುತ್ತಲೇ ಹೋಗುತ್ತದೆ. ‘ಶಾಶ್ವತವಾಗಿ ಮುಚ್ಚಿ’ ಎಂಬ ಮಾತು ಕೋರಿಕೆಯಲ್ಲಿ ಇರಬೇಕು, ಏಕೆಂದರೆ ‘ತಾತ್ಕಾಲಿಕ ಸ್ಥಗಿತ’ ಎಂಬ ಇನ್ನೊಂದು ಬಗೆಯೂ ಇದೆ. ಫೋನಿನಲ್ಲಿ ಹೇಳಿದರೂ ಅದೇ ದಿನ ನೋಂದಾಯಿತ ಇಮೇಲಿನಿಂದ ನಾಲ್ಕು ಸಾಲು ಬರೆದು ಕಳಿಸಿ: ಖಾತೆ ಸಂಖ್ಯೆ, ಯಾವ ದಿನದಿಂದ ಬೇಡ, ಡಬ್ಬದ ಸೀರಿಯಲ್, ಎಲ್ಲಿಂದ ತೆಗೆದುಕೊಂಡು ಹೋಗಬೇಕು. ಕೋರಿಕೆಯ ಸಂಖ್ಯೆ ಕೇಳಿ ಪಡೆಯಿರಿ, ಆ ಸಂಖ್ಯೆಯಿಲ್ಲದೆ ಫೋನ್ ಇಡಬೇಡಿ.

ಕೋರಿಕೆ ಹೋದ ಮೇಲೆ ಇನ್ನೊಂದು ವಿಭಾಗದಿಂದ ಕರೆ ಬರುತ್ತದೆ. ಅರ್ಧ ಬೆಲೆ, ಒಂದು ತಿಂಗಳು ಉಚಿತ, ವೇಗ ಹೆಚ್ಚಿಸುತ್ತೇವೆ ಎಂದೆಲ್ಲ ಹೇಳುತ್ತಾರೆ. ಅದು ಅವರ ಕೆಲಸ, ಕೋಪಿಸಿಕೊಳ್ಳುವುದಕ್ಕೆ ಕಾರಣವಿಲ್ಲ. ಆದರೆ “ಯೋಚನೆ ಮಾಡ್ತೀನಿ” ಎಂಬ ಒಂದು ಮಾತು ಸಾಕು, ಕೋರಿಕೆ ‘ಗ್ರಾಹಕರು ಮುಂದುವರಿಯಲು ಒಪ್ಪಿದ್ದಾರೆ’ ಎಂದು ಮುಚ್ಚಿಹೋಗಬಹುದು. “ಬೇಡ ಸರ್, ಮುಚ್ಚಿಬಿಡಿ, ರಿಕ್ವೆಸ್ಟ್ ನಂಬರ್ ಇದು” ಎಂದು ಸ್ಪಷ್ಟವಾಗಿ ಹೇಳಿ ಮುಗಿಸಿ. ಊರು ಬಿಡುತ್ತಿದ್ದರೆ ಅದನ್ನೇ ಕಾರಣವಾಗಿ ಹೇಳಿದರೆ ಮಾತು ಬೇಗ ಮುಗಿಯುತ್ತದೆ.

ಇದೇ ಹೊತ್ತಿಗೆ ಎರಡು ಲೆಕ್ಕ ನೋಡಿಕೊಳ್ಳಿ. ಆರು ತಿಂಗಳ ಅಥವಾ ವರ್ಷದ ಪ್ಲಾನ್ ತೆಗೆದುಕೊಂಡು ನಡುವೆ ಬಿಡುತ್ತಿದ್ದರೆ ‘ಉಚಿತ ಇನ್‌ಸ್ಟಲೇಶನ್’ ಎಂದದ್ದನ್ನು ವಸೂಲಿ ಮಾಡುವ ಷರತ್ತು ಇರಬಹುದು. ಹತ್ತು ದಿನ ತಾಳಿದರೆ ಅವಧಿ ಮುಗಿಯುವುದಾದರೆ ತಾಳುವುದೇ ಲಾಭ. ಎರಡನೆಯದು ಲ್ಯಾಂಡ್‌ಲೈನ್. ಫೈಬರ್ ಜೊತೆ ಬಂದ ದೂರವಾಣಿ ಸಂಖ್ಯೆಯನ್ನು ಮೊಬೈಲ್ ನಂಬರಿನಂತೆ ಬೇರೆ ಕಂಪನಿಗೆ ಪೋರ್ಟ್ ಮಾಡಲಾಗದು. ಖಾತೆ ಮುಚ್ಚಿದ ದಿನ ಆ ಸಂಖ್ಯೆ ಹೋಯಿತು. ಮನೆಯ ಹಿರಿಯರು ಅದನ್ನು ಬ್ಯಾಂಕಿಗೋ ಗ್ಯಾಸ್ ಏಜೆನ್ಸಿಗೋ ಕೊಟ್ಟಿದ್ದರೆ ಮೊದಲೇ ಬದಲಿಸಿ.

ಡಬ್ಬ ಬಿಚ್ಚುವ ದಿನ ಆತುರ ಬೇಡ. ಮೊದಲು ಎಲ್ಲ ತಂತಿಗಳೂ ಇದ್ದ ಹಾಗೆಯೇ, ದೀಪಗಳು ಉರಿಯುತ್ತಿರುವಂತೆ ಅರ್ಧ ನಿಮಿಷದ ವಿಡಿಯೊ ತೆಗೆಯಿರಿ. ಪವರ್ ದೀಪ, ಫೈಬರ್ ಸಂಪರ್ಕ ತೋರಿಸುವ ಪಾನ್ ದೀಪ, ವೈಫೈ ದೀಪ ಕಾಣಬೇಕು, ಕೊನೆಗೆ ಸ್ಟಿಕ್ಕರ್ ಕಾಣಬೇಕು. ಸೇವೆ ನಿಲ್ಲುವ ಮೊದಲು ಇದು ಮುಗಿಯಲಿ, ಆಮೇಲೆ ಪಾನ್ ದೀಪ ಸರಿಯಾಗಿ ಉರಿಯಲಿಕ್ಕಿಲ್ಲ. ‘ಲಾಸ್’ ಎಂದು ಬರೆದ ದೀಪದ ಬಗ್ಗೆ ಒಂದು ಮಾತು: ಬೆಳಕಿನ ಸಿಗ್ನಲ್ ಬರುತ್ತಿಲ್ಲ ಎಂದು ಅದು ಹೇಳುತ್ತದೆ. ಫೈಬರ್ ಕಿತ್ತ ಮೇಲೆ ಡಬ್ಬಕ್ಕೆ ಕರೆಂಟು ಕೊಟ್ಟರೆ ಆ ದೀಪ ಕೆಂಪಗೆ ಮಿನುಗಲೇಬೇಕು. ಪಿಕಪ್‌ಗೆ ಬಂದವರು ಹೊಸಬರಾಗಿದ್ದರೆ ಅದನ್ನು ನೋಡಿ ‘ಡ್ಯಾಮೇಜ್’ ಎಂದು ಬರೆದುಬಿಡಬಹುದು. ಆ ಅರ್ಧ ನಿಮಿಷದ ವಿಡಿಯೊ ಆಗ ನೆರವಿಗೆ ಬರುತ್ತದೆ.

ಬಿಚ್ಚುವಾಗ ಮೊದಲು ಸ್ವಿಚ್ ಆಫ್. ಫೈಬರ್ ತುದಿಯಲ್ಲಿ ಚೌಕಾಕಾರದ ಹಸಿರು ಅಥವಾ ನೀಲಿ ಪ್ಲಾಸ್ಟಿಕ್ ಕನೆಕ್ಟರ್ ಇರುತ್ತದೆ. ತಂತಿ ಹಿಡಿದು ಎಳೆಯಬೇಡಿ, ಆ ಪ್ಲಾಸ್ಟಿಕ್ ತಲೆಯನ್ನೇ ಬೆರಳಲ್ಲಿ ಹಿಡಿದು ನೇರವಾಗಿ ಹೊರಕ್ಕೆ ಎಳೆಯಿರಿ. ಒಳಗಿರುವುದು ಗಾಜಿನ ಎಳೆ, ಅದರ ದಪ್ಪ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಪಾಲು. ತುದಿಯನ್ನು ಕಣ್ಣಿನ ಹತ್ತಿರ ತಂದು ‘ಬೆಳಕು ಬರುತ್ತಿದೆಯೇ’ ಎಂದು ನೋಡಬೇಡಿ. ಮನೆಗೆ ಬರುವ ಬೆಳಕು 1490 ನ್ಯಾನೋಮೀಟರಿನದು, ಕಣ್ಣಿಗೆ ಕಾಣುವುದೇ ಇಲ್ಲ, ಆದರೂ ಅದು ಲೇಸರ್. ಮಕ್ಕಳಿರುವ ಮನೆಯಲ್ಲಿ ಇದನ್ನು ಒತ್ತಿ ಹೇಳಬೇಕು. ತುದಿಗೆ ರಬ್ಬರ್ ಅಥವಾ ಪ್ಲಾಸ್ಟಿಕ್ ಟೋಪಿ ಇದ್ದರೆ ಹಾಕಿ, ಇಲ್ಲದಿದ್ದರೆ ಸಣ್ಣ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ.

ಗೋಡೆಯಿಂದ ಬಂದ ಆ ತಂತಿಯನ್ನು ಕತ್ತರಿಸುವ ಆಸೆ ಎಷ್ಟೋ ಜನರಿಗೆ ಬರುತ್ತದೆ, ಅದರಲ್ಲೂ ಮನೆಗೆ ಬಣ್ಣ ಹೊಡೆಸುವಾಗ. ಕತ್ತರಿಸಬೇಡಿ. ಕಂಬದಿಂದ ಮನೆಗೆ ಎಳೆದ ತಂತಿ ಕಂಪನಿಯದು ಅಥವಾ ಸ್ಥಳೀಯ ಆಪರೇಟರದು. ವಾಪಸ್ ಕೊಡುವ ಪಟ್ಟಿಯಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಹಾಗೇ ಬಿಟ್ಟರೆ ಮನೆಗೆ ಮುಂದೆ ಬರುವವರಿಗೆ ಅದೇ ತಂತಿಯಲ್ಲಿ ಸಂಪರ್ಕ ಕೊಡಬಹುದು. ಅಗಲವಾಗಿ ಸುರುಳಿ ಸುತ್ತಿ ಗೋಡೆಗೆ ಕಟ್ಟಿದರೆ ಸಾಕು. ಗಟ್ಟಿಯಾಗಿ ಮಡಚಿದರೆ ಒಳಗಿನ ಗಾಜು ಮುರಿಯುತ್ತದೆ.

ವಾಪಸ್ ಹೋಗಬೇಕಾದದ್ದು ಡಬ್ಬ ಮತ್ತು ಅಡಾಪ್ಟರ್ ಖಂಡಿತ. ಜೊತೆಗೆ ಕಂಪನಿ ಕೊಟ್ಟಿದ್ದರೆ ವೈಫೈ ದೂರಕ್ಕೆ ಹಬ್ಬಿಸುವ ಮೆಶ್ ಅಥವಾ ಎಕ್ಸ್‌ಟೆಂಡರ್, ಟಿವಿಯ ಸೆಟ್‌ಟಾಪ್ ಬಾಕ್ಸ್, ಅದರ ರಿಮೋಟ್, ಎಚ್‌ಡಿಎಂಐ ಕೇಬಲ್, ಲ್ಯಾಂಡ್‌ಲೈನ್ ಹ್ಯಾಂಡ್‌ಸೆಟ್. ಕರೆಂಟು ಹೋದಾಗ ನಡೆಯಲೆಂದು ನೀವೇ ಕೊಂಡ ಮಿನಿ ಯುಪಿಎಸ್ ನಿಮ್ಮದು, ಅದನ್ನು ಬಿಚ್ಚಿಟ್ಟುಕೊಳ್ಳಿ. ಗಡಿಬಿಡಿಯಲ್ಲಿ ಡಬ್ಬದ ಜೊತೆ ಅದೂ ಹೊರಟುಹೋಗುವುದುಂಟು.

ಅಡಾಪ್ಟರ್ ವಿಷಯದಲ್ಲಿ ಅತಿ ಹೆಚ್ಚು ತಪ್ಪಾಗುತ್ತದೆ. ಮನೆಯಲ್ಲಿ ಒಂದೇ ಬಗೆಯ ಪಿನ್ ಇರುವ ನಾಲ್ಕು ಕಪ್ಪು ಅಡಾಪ್ಟರುಗಳು ಇರುತ್ತವೆ: ಹಳೆಯ ರೌಟರಿನದು, ಸೆಟ್‌ಟಾಪ್ ಬಾಕ್ಸಿನದು, ಸಿಸಿಟಿವಿಯದು. ಓಎನ್‌ಟಿಯದು ಸಾಮಾನ್ಯವಾಗಿ 12 ವೋಲ್ಟ್, ಆಂಪಿಯರ್ ಮಾತ್ರ 1, 1.5 ಅಥವಾ 2 ಹೀಗೆ ಬೇರೆ ಬೇರೆ. ಡಬ್ಬದ ಸ್ಟಿಕ್ಕರಿನಲ್ಲಿ ಎಷ್ಟು ವೋಲ್ಟ್ ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ, ಅಡಾಪ್ಟರಿನ ಬೆನ್ನ ಮೇಲಿನ ‘ಔಟ್‌ಪುಟ್’ ಸಾಲು ಅದಕ್ಕೆ ಹೊಂದಬೇಕು. ಹೊಂದದ ಅಡಾಪ್ಟರ್ ಹೋದರೆ ಡಬ್ಬ ಪರೀಕ್ಷೆಯಲ್ಲಿ ಆನ್ ಆಗದೆ ‘ಕೆಟ್ಟಿದೆ’ ಎಂಬ ಷರಾ ಬೀಳಬಹುದು. ಮೂಲ ಅಡಾಪ್ಟರ್ ಸುಟ್ಟು ಅಂಗಡಿಯಿಂದ ಹೊಸದು ತಂದಿದ್ದರೆ ಅದನ್ನು ಮುಚ್ಚಿಡದೆ ಹೇಳಿ. ಸುಟ್ಟದ್ದು ಇನ್ನೂ ಇದ್ದರೆ ಅದನ್ನೂ ಕೊಡಿ.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಡಬ್ಬಗಳು ಸಾಯುವುದು ಹೆಚ್ಚಾಗಿ ಸಿಡಿಲಿಗೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು. ಹೊಡೆತ ಒಳಗೆ ಬರುವುದು ಕರೆಂಟಿನ ಪ್ಲಗ್‌ನಿಂದ, ಕಂಪ್ಯೂಟರಿಗೆ ಹೋದ ಲ್ಯಾನ್ ಕೇಬಲಿನಿಂದ. ವೈಫೈ ಚೆನ್ನಾಗಿ ನಡೆಯುತ್ತಿದ್ದು ಒಂದೆರಡು ಲ್ಯಾನ್ ಪೋರ್ಟ್ ಮಾತ್ರ ಸತ್ತಿದ್ದರೆ ಇದೇ ಕಾರಣವಿರುವ ಸಾಧ್ಯತೆ ಹೆಚ್ಚು. ಇಂಥದ್ದನ್ನು ಆದ ದಿನವೇ ದೂರು ಕೊಟ್ಟು ದಾಖಲಿಸಬೇಕು. ವಾಪಸ್ ಕೊಡುವ ದಿನ ಹೇಳಿದರೆ ಬಳಕೆದಾರರಿಂದಾದ ಹಾನಿ ಎಂದು ಲೆಕ್ಕ ಹಾಕುವುದು ಸುಲಭ.

ಕೊಡುವ ಮುನ್ನ ರೀಸೆಟ್ ಮಾಡಿ, ಆದರೆ ಸೇವೆ ನಿಂತ ಮೇಲೆ. ಹಿಂಬದಿಯ ಸಣ್ಣ ರಂಧ್ರದಲ್ಲಿ ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ದೀಪಗಳೆಲ್ಲ ಆರಿ ಮತ್ತೆ ಹತ್ತುತ್ತವೆ. ವೈಫೈ ಹೆಸರು, ಪಾಸ್‌ವರ್ಡ್, ನೀವು ಹಾಕಿದ ಬದಲಾವಣೆಗಳು ಅಳಿಯುತ್ತವೆ. ಸೇವೆ ಚಾಲ್ತಿಯಲ್ಲಿರುವಾಗ ರೀಸೆಟ್ ಒತ್ತಿದರೆ ಲಾಗಿನ್ ವಿವರಗಳೂ ಅಳಿಸಿಹೋಗಿ ಉಳಿದ ದಿನಗಳಿಗೆ ಇಂಟರ್ನೆಟ್ ಇಲ್ಲದಂತಾಗಬಹುದು.

ಪಿಕಪ್‌ಗೆ ಬರುವವರು ಹೆಚ್ಚಾಗಿ ಗುತ್ತಿಗೆ ಸಂಸ್ಥೆಯ ಹುಡುಗರು. ದಿನಕ್ಕೆ ಹಲವು ಮನೆ ಸುತ್ತಬೇಕಾಗಿರುತ್ತದೆ, ಅವರಿಗೂ ಆತುರ. ಬಾಗಿಲಲ್ಲಿ ನಿಂತೇ “ಓಟಿಪಿ ಹೇಳಿ ಮೇಡಂ” ಅನ್ನುತ್ತಾರೆ. ಆ ಓಟಿಪಿಯಿಂದ ಟಿಕೆಟ್ ಮುಚ್ಚಿಹೋಗುತ್ತದೆ, ಆಮೇಲೆ ನಂಬರ್ ತಪ್ಪಾಗಿದೆ ಎಂದರೆ ಕೇಳುವವರಿಲ್ಲ. “ಬನ್ನಿ, ಕೂತ್ಕೊಳ್ಳಿ, ನೀರು ಕುಡೀರಿ. ಮೊದಲು ಸ್ಕ್ಯಾನ್ ಮಾಡಿ ಅಣ್ಣ, ಸೀರಿಯಲ್ ನೋಡಿ ಆಮೇಲೆ ಓಟಿಪಿ ಹೇಳ್ತೀನಿ” ಎಂದರೆ ಯಾರೂ ಬೇಡ ಅನ್ನುವುದಿಲ್ಲ. ಅವರ ಮೊಬೈಲಿನಲ್ಲಿ ಬಂದ ಸೀರಿಯಲ್ಲಿನ ಕೊನೆಯ ಎಂಟು ಅಕ್ಷರ ನೋಡಿಕೊಳ್ಳಿ. ಓಟಿಪಿ ಬಂದ ಎಸ್‌ಎಂಎಸ್ಸನ್ನು ಪೂರ್ತಿ ಓದಿ. ಅದರಲ್ಲಿ ಡಿವೈಸ್ ವಾಪಸಾತಿ ಎಂದಿರಬೇಕು. ಫೋನಿನಲ್ಲೇ ‘ನಾಳೆ ಪಿಕಪ್‌ಗೆ ಬರ್ತೀವಿ, ಈಗ ಓಟಿಪಿ ಹೇಳಿ’ ಎಂದು ಕೇಳುವವರಿಗೆ ಹೇಳಲೇಬಾರದು. ಡಬ್ಬ ನಿಮ್ಮ ಮನೆಯಲ್ಲೇ ಇರುವಾಗ ಅದನ್ನು ಪಡೆದಾಯಿತು ಎಂದು ದಾಖಲಿಸುವ ಓಟಿಪಿಗೆ ಅರ್ಥವಿಲ್ಲ, ಮೋಸದ ಕರೆಯೂ ಆಗಿರಬಹುದು.

ಸ್ವೀಕೃತಿ ಎಸ್‌ಎಂಎಸ್ ಆಮೇಲೆ ಬರುತ್ತದೆ ಎನ್ನುತ್ತಾರೆ. ಬರುವುದೂ ಉಂಟು, ಬಾರದೆ ಹೋಗುವುದೂ ಉಂಟು. ಬಿಳಿ ಹಾಳೆಯಲ್ಲಿ ಮೊದಲೇ ಬರೆದಿಟ್ಟುಕೊಂಡರೆ ಸಹಿಗೆ ಒಂದು ನಿಮಿಷ ಸಾಕು. ಒಕ್ಕಣೆ ಹೀಗಿರಲಿ:

“ಖಾತೆ ಸಂಖ್ಯೆ ____, ಚಂದಾದಾರರ ಹೆಸರು ____, ರದ್ದತಿ ಕೋರಿಕೆ ಸಂಖ್ಯೆ ____. ಈ ಕೆಳಗಿನ ವಸ್ತುಗಳನ್ನು ದಿನಾಂಕ ____ ಸಮಯ ____ಕ್ಕೆ ಪಡೆದುಕೊಂಡಿದ್ದೇನೆ: ಓಎನ್‌ಟಿ 1, ಮಾದರಿ ____, ಸೀರಿಯಲ್ ____, ಅಡಾಪ್ಟರ್ 1, 12 ವೋಲ್ಟ್ ____ ಆಂಪಿಯರ್, ಇತರೆ ____. ಹೊರಮೈಯಲ್ಲಿ ಒಡಕು, ಸುಟ್ಟ ಗುರುತು ಇಲ್ಲ. ಪಡೆದವರ ಹೆಸರು, ಉದ್ಯೋಗಿ ಸಂಖ್ಯೆ, ಸಹಿ.”

ಇಂಗ್ಲಿಷಿನಲ್ಲೇ ಬೇಕೆಂದು ಯಾರೂ ಕೇಳುವುದಿಲ್ಲ, ಸೀರಿಯಲ್ ಮಾತ್ರ ಡಬ್ಬದಲ್ಲಿರುವಂತೆಯೇ ಬರೆಯಿರಿ. ಸಹಿ ಹಾಕಲು ಒಪ್ಪದಿದ್ದರೆ ಆ ಹಾಳೆಯನ್ನು ಡಬ್ಬದ ಪಕ್ಕದಲ್ಲಿಟ್ಟು ಫೋಟೊ ತೆಗೆದು, ಅವರ ಎದುರಿಗೇ ಕಂಪನಿಯ ಇಮೇಲಿಗೆ ಕಳಿಸಿ. ಆ ಕ್ಷಣದ ಸಮಯ ದಾಖಲಾಗುತ್ತದೆ.

ಮನೆ ಖಾಲಿ ಮಾಡುವ ದಿನದವರೆಗೂ ಯಾರೂ ಬಾರದಿದ್ದರೆ? ಬೆಂಗಳೂರಿನಲ್ಲಿ ಇದೇ ದೊಡ್ಡ ತಲೆನೋವು. ಡಬ್ಬವನ್ನು ಮನೆ ಮಾಲೀಕರ ಬಳಿಯೋ ಸೆಕ್ಯುರಿಟಿಯವರ ಬಳಿಯೋ ಬಿಟ್ಟು ಹೋಗುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಅವರಿಗೆ ಓಟಿಪಿ ಬರುವುದಿಲ್ಲ, ಸೀರಿಯಲ್ ಗೊತ್ತಿಲ್ಲ, ಹೊಸ ಬಾಡಿಗೆದಾರರ ಸಂಪರ್ಕಕ್ಕೆ ಬಂದ ಬೇರೆ ಟೆಕ್ನಿಷಿಯನ್ ಕೈಗೆ ಅದು ಹೋದರೂ ಆಶ್ಚರ್ಯವಿಲ್ಲ. ಕಂಪನಿಯ ಅಂಗಡಿ ಅಥವಾ ಕಚೇರಿ ಹತ್ತಿರವಿದ್ದರೆ ಕೈಯಾರೆ ಕೊಟ್ಟು ಮುದ್ರೆ ಹಾಕಿಸಿಕೊಳ್ಳುವುದು ಉತ್ತಮ. ಬಿಎಸ್‌ಎನ್‌ಎಲ್ ಆದರೆ ಗ್ರಾಹಕ ಸೇವಾ ಕೇಂದ್ರದಲ್ಲಿ ವಿಚಾರಿಸಿ. ಅಲ್ಲಿ ಡಬ್ಬ ಬಿಎಸ್‌ಎನ್‌ಎಲ್‌ನದೋ, ಸಂಪರ್ಕ ಕೊಟ್ಟ ಸ್ಥಳೀಯ ಪಾಲುದಾರರದೋ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು, ಎರಡೂ ಬಗೆ ಚಾಲ್ತಿಯಲ್ಲಿವೆ.

ಅಂಚೆ ಅಥವಾ ಕೊರಿಯರ್‌ನಲ್ಲಿ ಕಳಿಸುವುದು ಕೊನೆಯ ದಾರಿ, ಅದೂ ಕಂಪನಿ ಇಮೇಲಿನಲ್ಲಿ ವಿಳಾಸ ಕೊಟ್ಟಾಗ ಮಾತ್ರ. ಆಂಟೆನಾ ಮಡಚಿ, ಡಬ್ಬಕ್ಕೆ ಬಬಲ್ ಶೀಟ್ ಸುತ್ತಿ, ಅಡಾಪ್ಟರನ್ನು ಬೇರೆ ಪೊಟ್ಟಣ ಮಾಡಿ ಇಡಿ. ಅದರ ಪಿನ್ನುಗಳು ಡಬ್ಬವನ್ನು ಗೀಚುತ್ತವೆ, ಸ್ಟಿಕ್ಕರನ್ನೂ ಹರಿಯುತ್ತವೆ. ಒಳಗೆ ಖಾತೆ ಸಂಖ್ಯೆ, ಕೋರಿಕೆ ಸಂಖ್ಯೆ, ಸೀರಿಯಲ್ ಬರೆದ ಚೀಟಿ ಇರಲಿ. ಸ್ಪೀಡ್ ಪೋಸ್ಟ್ ರಸೀದಿ ಮತ್ತು ತಲುಪಿದ ದಿನದ ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್ ಎರಡನ್ನೂ ಇಟ್ಟುಕೊಳ್ಳಿ.

ಸಣ್ಣ ಊರುಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಬಿಲ್ ದೊಡ್ಡ ಕಂಪನಿಯ ಹೆಸರಿನಲ್ಲಿ ಬಂದರೂ ಡಬ್ಬ ಹಾಕಿದವರು ಊರಿನ ಕೇಬಲ್‌ನವರು. ಡೆಪಾಸಿಟ್ ಕೈಯಲ್ಲಿ ಕೊಟ್ಟಿರುತ್ತೇವೆ, ರಸೀದಿ ಇರುವುದಿಲ್ಲ. ಪರಿಚಯದವರೆಂಬ ಸಂಕೋಚದಿಂದ ಕೇಳುವುದೂ ಇಲ್ಲ. ಡಬ್ಬ ಕೊಡುವ ದಿನ ಅವರ ವಾಟ್ಸ್ಆ್ಯಪಿಗೆ ಒಂದು ಸಂದೇಶ ಹಾಕಿ: “ಅಣ್ಣ, ಇವತ್ತು ಅಂಗಡಿಗೆ ಬಂದು ಡಬ್ಬ, ಅಡಾಪ್ಟರ್ ಕೊಟ್ಟಿದ್ದೀನಿ, ಸೀರಿಯಲ್ ಇಂಥದ್ದು, ಡೆಪಾಸಿಟ್ ಇಷ್ಟು ಬರಬೇಕು.” ಅವರು ‘ಸರಿ’ ಎಂದು ಉತ್ತರಿಸಿದರೆ ಅದೇ ರಸೀದಿ. ಕಂಪನಿಯಲ್ಲೂ ಖಾತೆ ಮುಚ್ಚಿದೆಯೇ ಎಂದು ಬೇರೆಯಾಗಿ ಕೇಳಿ ತಿಳಿಯಬೇಕು, ಕೇಬಲ್‌ನವರ ಪುಸ್ತಕದಲ್ಲಿ ಮುಗಿದದ್ದು ಕಂಪನಿಯ ಕಂಪ್ಯೂಟರಿನಲ್ಲಿ ಮುಗಿದಿರಬೇಕೆಂದಿಲ್ಲ.

ಡಬ್ಬ ಹೋದ ಮೇಲೆ ಅಂತಿಮ ಬಿಲ್ ಬರುತ್ತದೆ. ಅದರಲ್ಲಿ ಮೂರು ಸಾಲು ನೋಡಿ: ಸೇವೆ ನಿಂತ ದಿನದವರೆಗೆ ಮಾತ್ರ ಲೆಕ್ಕ ಹಾಕಿದ್ದಾರೆಯೇ, ಡಬ್ಬದ ಬಾಡಿಗೆ ಅದೇ ದಿನಕ್ಕೆ ನಿಂತಿದೆಯೇ, ಡೆಪಾಸಿಟ್ ಹಣವನ್ನು ಬಿಲ್ಲಿನ ಮೊತ್ತದಿಂದ ಕಳೆದಿದ್ದಾರೆಯೇ. ಸೇವೆಗೂ ಬಾಡಿಗೆಗೂ ಶೇ 18 ಜಿಎಸ್‌ಟಿ ಇರುತ್ತದೆ. ವಾಪಸ್ ಬರಬೇಕಾದ ಡೆಪಾಸಿಟ್‌ನಿಂದ ಜಿಎಸ್‌ಟಿ ಎಂದು ಏನನ್ನಾದರೂ ಕಡಿತ ಮಾಡಿದ್ದರೆ ಯಾವ ಶುಲ್ಕಕ್ಕೆ ಎಂದು ಬರವಣಿಗೆಯಲ್ಲಿ ಕೇಳಿ. ಅದು ಉಪಕರಣದ ಬೆಲೆಯನ್ನೇ ವಸೂಲಿ ಮಾಡಿದ್ದರ ಗುರುತಾಗಿರಬಹುದು.

ಆಟೋಪೇ ಹಾಕಿದ್ದರೆ ಅಂತಿಮ ಬಿಲ್ ನೋಡಿ, ಒಪ್ಪಿ, ಕಟ್ಟಿದ ತಕ್ಷಣ ಅದನ್ನು ರದ್ದು ಮಾಡಿ. ಯುಪಿಐ ಆದರೆ ಯುಪಿಐ ಆಪ್‌ನ ಮ್ಯಾಂಡೇಟ್ (ತಾನಾಗಿ ಹಣ ಕಡಿತವಾಗಲು ಕೊಟ್ಟ ಒಪ್ಪಿಗೆ) ಪಟ್ಟಿಯಲ್ಲಿ, ಕಾರ್ಡ್ ಆದರೆ ಬ್ಯಾಂಕಿನ ಮೂಲಕ. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. ‘ಉಪಕರಣ ಶುಲ್ಕ’ವೂ ಸೇರಿದ ದೊಡ್ಡ ಮೊತ್ತದ ಸೂಚನೆ ಬಂದರೆ ಆ 24 ಗಂಟೆಯೊಳಗೆ ಮ್ಯಾಂಡೇಟ್ ನಿಲ್ಲಿಸಿ, ಸ್ವೀಕೃತಿ ಸಮೇತ ದೂರು ಹಾಕಿ.

ಡೆಪಾಸಿಟ್ ಬರದಿದ್ದರೆ ಎಷ್ಟು ದಿನ ಕಾಯಬೇಕು? ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2006ರಲ್ಲಿ ಬ್ರಾಡ್‌ಬ್ಯಾಂಡ್ ಸೇವೆಯ ಗುಣಮಟ್ಟಕ್ಕೆ ಮಾಡಿದ ನಿಯಮಗಳಲ್ಲೇ ಸಂಪರ್ಕ ಮುಚ್ಚಿದ 60 ದಿನದೊಳಗೆ ಡೆಪಾಸಿಟ್ ಮರಳಿಸಬೇಕೆಂದು ಇತ್ತು. ಹಾಗಾಗಿ ಎರಡು ತಿಂಗಳು ದಾಟಿದರೆ ಅದು ಯಾವ ಲೆಕ್ಕದಲ್ಲೂ ತಡವೇ. ಆದರೆ ಸುಮ್ಮನೆ ಅಷ್ಟು ದಿನ ಕಾಯಬೇಡಿ, ಹದಿನೈದನೇ ದಿನ ಒಮ್ಮೆ ವಿಚಾರಿಸಿ. ಬ್ಯಾಂಕ್ ಖಾತೆಯ ಹೆಸರಿಗೂ ಚಂದಾದಾರರ ಹೆಸರಿಗೂ ಇನಿಷಿಯಲ್ ವ್ಯತ್ಯಾಸದಿಂದ ಹಣ ವಾಪಸ್ ತಿರುಗಿರುವುದುಂಟು. ರದ್ದು ಮಾಡಿದ ಚೆಕ್ಕಿನ ಪ್ರತಿ ಕೊಟ್ಟರೆ ಸರಿಹೋಗುತ್ತದೆ.

ಉತ್ತರ ಸರಿಯಾಗಿ ಬಾರದಿದ್ದರೆ ದೂರಿಗೆ ಒಂದು ಕ್ರಮವಿದೆ. ಮೊದಲು ಕಂಪನಿಯ ದೂರು ಕೇಂದ್ರ, ಅಲ್ಲಿ ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಪಡೆಯಬೇಕು. 2012ರ ಟ್ರಾಯ್ ನಿಯಮಗಳ ಪ್ರಕಾರ ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಪ್ರಾಧಿಕಾರ ಇರಬೇಕು. ದೂರಿನ ಗಡುವು ಮುಗಿದ 30 ದಿನದೊಳಗೆ ಅಲ್ಲಿಗೆ ಮನವಿ ಹಾಕಬಹುದು, 39 ದಿನದಲ್ಲಿ ಅವರು ತೀರ್ಮಾನಿಸಬೇಕು, ಶುಲ್ಕವಿಲ್ಲ. ಟ್ರಾಯ್‌ಗೇ ನೇರವಾಗಿ ಬರೆದರೆ ಅವರು ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ, ಕಂಪನಿಗೆ ಕಳಿಸುತ್ತಾರೆ ಅಷ್ಟೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ದೂರು ದಾಖಲಾಗಿ ಕಂಪನಿಯ ಗಮನಕ್ಕೆ ಹೋಗುತ್ತದೆ, ಸಣ್ಣ ಮೊತ್ತದ ಡೆಪಾಸಿಟ್ ತಕರಾರಿಗೆ ಮೊದಲು ಹಿಡಿಯಬೇಕಾದ ದಾರಿ ಇದು.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ದೂರವಾಣಿ ತಕರಾರುಗಳು ಗ್ರಾಹಕ ನ್ಯಾಯಾಲಯಕ್ಕೆ ಬರುವುದಿಲ್ಲ ಎಂಬ ವಾದವನ್ನು 2009ರ ಒಂದು ತೀರ್ಪಿನ ಬಲದಿಂದ ಕಂಪನಿಗಳು ಹಲವು ವರ್ಷ ಮಾಡುತ್ತಿದ್ದವು. 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಗ್ರಾಹಕ ಆಯೋಗಕ್ಕೆ ಹೋಗಲು ಅಡ್ಡಿಯಿಲ್ಲವೆಂದು ಸ್ಪಷ್ಟಪಡಿಸಿತು. 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ. 2019ರ ಕಾಯ್ದೆಯಂತೆ ನೀವು ಈಗ ವಾಸವಿರುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಬೆಂಗಳೂರು ಬಿಟ್ಟು ಹಾವೇರಿಗೋ ಕಲಬುರಗಿಗೋ ಮರಳಿದವರಿಗೆ ಇದು ದೊಡ್ಡ ಅನುಕೂಲ.

‘ಹಳೆಯ ಮಾಡೆಲ್, ವಾಪಸ್ ಬೇಡ, ನೀವೇ ಇಟ್ಕೊಳ್ಳಿ’ ಎಂದು ಫೋನಿನಲ್ಲಿ ಹೇಳುವುದೂ ಉಂಟು. ಆ ಮಾತು ಇಮೇಲಿನಲ್ಲಿ ಬರದ ಹೊರತು ಡಬ್ಬವನ್ನು ಬಿಸಾಡಬೇಡಿ, ಮಾರಲೂಬೇಡಿ. ಅದೇ ಕರೆಯಲ್ಲಿ ‘ಖಾತೆಯಲ್ಲಿ ಡಿವೈಸ್ ಬಾಕಿ ಇಲ್ಲ’ ಎಂಬ ಸಾಲನ್ನೂ ಕೇಳಿ. ಬರವಣಿಗೆಯಲ್ಲಿ ಬಂದ ಮೇಲೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬಹುದು.

ಎಲ್ಲ ಮುಗಿದು ಡೆಪಾಸಿಟ್ ಬಂದ ಮೇಲೂ ಸ್ವೀಕೃತಿ, ಸ್ಟಿಕ್ಕರಿನ ಫೋಟೊ, ವಿಡಿಯೊ, ಅಂತಿಮ ಬಿಲ್, ಬ್ಯಾಂಕ್ ಜಮಾ ಸಂದೇಶ ಇವನ್ನು ಒಂದೇ ಫೋಲ್ಡರಿನಲ್ಲಿ ಎರಡು ವರ್ಷ ಇಟ್ಟುಕೊಳ್ಳಿ. ಗ್ರಾಹಕ ಆಯೋಗಕ್ಕೆ ಹೋಗುವ ಕಾಲಮಿತಿಯೂ ಎರಡು ವರ್ಷ. ಕೆಲವು ಖಾತೆಗಳಲ್ಲಿ ಬಾಕಿಯ ಪಟ್ಟಿ ಎಷ್ಟೋ ತಿಂಗಳ ಮೇಲೆ ವಸೂಲಿ ಏಜೆನ್ಸಿಯ ಕೈಗೆ ಹೋಗಿ ‘ಡಿವೈಸ್ ಕೊಟ್ಟಿಲ್ಲ’ ಎಂಬ ಕರೆ ಬರುತ್ತದೆ. ಆ ದಿನ ಸೀರಿಯಲ್ ಬರೆದ ಸ್ವೀಕೃತಿಯ ಫೋಟೊವನ್ನು ಕಂಪನಿಯ ಅಧಿಕೃತ ಇಮೇಲಿಗೆ ಕಳಿಸಿ, ಖಾತೆ ಶೂನ್ಯವೆಂದು ಒಂದು ಸಾಲಿನ ಪತ್ರ ಕೇಳಿ ಪಡೆಯಿರಿ. ಕರೆ ಮಾಡಿದವರಿಗೆ ಮಾತ್ರ ಹಣವನ್ನೂ ಕೊಡಬೇಡಿ, ಓಟಿಪಿಯನ್ನೂ ಹೇಳಬೇಡಿ.